ಲೆನ್ಸು ನಿಮ್ದು, ತೋಳ ನಮ್ದು

ಕುರಿ ತುಪ್ಪಳದ ವಾಸನಿ, ಹಸಿ ಕಂಬಳಿ ವಾಸನಿ, ಎಡಗಡೆ ಹೆಗಲಿಂದ ಸೀದಾ ಮೂಗಿಗೆ ಬಂತು, ಮುದುಕ ಹಿಂದ ಕುಂತು ಹೆಗಲ ಮ್ಯಾಲ ಕೈ ಊರ್ಯಾನ, ಮೋಟರ್‌ಬಂಡಿ ಕುಣಿಗೆ ಬಿದ್ದಾಗೊಮ್ಮೆ ಆ ಕೈ ಬಿಗಿ ಹಿಡಿತೈತಿ, ಆಮ್ಯಾಲ ಸಡ್ಲ ಬಿಡತೈತಿ, ಮುದುಕನ ಕೈ ಅನ್ನಂಗಿಲ್ಲ, ಕುರಿ ಹಿಂಗಾಲು ಹಿಡಿದು ಹಿಡಿದು ಇಕ್ಕಳ ಆಗೇತಿ, ಅಬ್ದುಲರೌಫ ಎದಿಗೆ ಕಟ್ಟಿಕೊಂಡ ಚೀಲ ಒಂದು ಕೈಲೆ ಸವರಿದ, ಒಳಗ ಲೆನ್ಸು ಹಸಗೂಸಿನಂಗ ಮಲಗೇತಿ, ಕುಣಿ ತಪ್ಪಿಸಬೇಕು, ಮುದುಕ ಕುಲುಕಿದರ ಕುಲುಕಲಿ, ಲೆನ್ಸು ಕುಲುಕಬಾರದು — ಬೆಳಿಗ್ಗೆ ಕನಕಗಿರಿ ಬಸ್‌ಸ್ಟ್ಯಾಂಡ್ ಎದುರಿನ ತನ್ನ ಸ್ಟುಡಿಯೋದ ಶಟರ್ ಅರ್ಧ ಎತ್ತಿದಾಗ ಹೊರಗ ಎರಡು ಕಾಲು ಕಂಡಿದ್ದವು, ಟೈರಿನ ಚಪ್ಪಲಿ, ಮೊಣಕಾಲತನಕ ಧೂಳ, ಪೂರಾ ಎತ್ತಿದರ ಕುರಿಗಾರ ಓಬಳೆಪ್ಪ, ಒಂದು ಫೋಟೋ ತೆಗೀಬೇಕು ಬಾ ತಮ್ಮಾ ಅಂದ, ಯಾರದು ಅಂತ ಕೇಳಿದರ ಬಂದು ನೋಡು ಅಂದ, ಚಾ ತರಸ್ತೀನಿ ಅಂದರ ಬ್ಯಾಡ ಅಂದ, ಅವ ಹೇಳದಿದ್ದರೂ ರೌಫಗ ತಿಳೀತು, ತೋಳ ಮತ್ತ ಕುರಿ ಹೊಡೆದಿರಬೇಕು, ಸತ್ತ ಕುರಿ ಫೋಟೋ ಇದ್ದರ ಅರಣ್ಯದವರು ಪರಿಹಾರ ಕೊಡ್ತಾರ, ಅದಕ್ಕ ಬಂದಾನ, ಸತ್ತ ಕುರಿಗೆ ಮೊಬೈಲ್ ಸಾಕು, ಹೆಚ್ಚಂದರ ಮದುವಿಗೆ ಹಿಡಿಯೋ ಸಣ್ಣ ಲೆನ್ಸ್ ಸಾಕು, ಆದರ ಈ ದೊಡ್ಡ ಲೆನ್ಸು ಬಂದಮ್ಯಾಲ ಕೈ ಸಣ್ಣದಕ್ಕ ಹೋಗವಲ್ದು, ಚಾದಂಗಡಿ ಮುಂದ ಕುಂತವರು ನೋಡಲಿ, ಒಂದು ಮೊಳ ಉದ್ದ, ತೋಪಿನಂಥ ಬಾಯಿ — ಬಂಡಿ ಫಟ್ ಫಟ್ ಫಟ್ ಅಂತೈತಿ, ಸೈಲೆನ್ಸರ್ ಒಡೆದು ವರ್ಷ ಆತು, ನೀವು ಊರಬಾಗಿಲಿಗೆ ಬಂದರ ನಾ ಇಲ್ಲಿ ರೊಟ್ಟಿ ಹಂಚಿನ ಮ್ಯಾಲ ಹಾಕ್ತೀನಿ ಅಂತಾಳ ಹೆಂಡತಿ ಅಫ್ಸಾನಾ, ಇಡೀ ಸೀಮಿಯೊಳಗ ಹಿಂಗ ಒದರೋ ಬಂಡಿ ಇನ್ನೊಂದಿಲ್ಲ, ಮಾಡಸ್ತೀನಿ ಮಾಡಸ್ತೀನಿ ಅಂತಾನ, ಯಾವ ರೊಕ್ಕದಾಗ, ಬಂದದ್ದೆಲ್ಲ ಈ ಚೀಲದಾಗ ಹೋಗೇತಿ.

ಎರಡು ವರ್ಷದ ಹಿಂದ ಇದೇ ಮುದುಕ ಇದೇ ಹಾದ್ಯಾಗ ಕರಕೊಂಡು ಹೋಗಿದ್ದ, ಅವನ ಹೆಂಡತಿ ಸಣ್ಣವ್ವ ಸತ್ತಿದ್ದಳು, ಆಕೀದು ಒಂದೂ ಫೋಟೋ ಇರಲಿಲ್ಲ, ರೇಷನ್ ಕಾರ್ಡಿನ್ಯಾಗಿನ ಮುಖ ಉಗುರಿನಷ್ಟು, ಅದನ್ನ ರೌಫ ದೊಡ್ಡದು ಮಾಡಿ, ಹಣಿಗೆ ಕುಂಕುಮ ಏರಿಸಿ, ಹಿಂದ ನೀಲಿ ಆಕಾಶ ಹಾಕಿ, ಕಟ್ಟು ಹಾಕಿಸಿ ಕೊಟ್ಟಿದ್ದ, ರೊಕ್ಕ ತಗೊಂಡಿರಲಿಲ್ಲ, ಅವತ್ತು ಯಾಕ ತಗೋಳಲಿಲ್ಲೋ, ಆ ಋಣಕ್ಕ ಮುದುಕ ಗುಡ್ಡಕ್ಕ ಕರೆದ, ಬಾ, ಯಾರಿಗೂ ತೋರಿಸದ್ದು ತೋರಿಸ್ತೀನಿ, ದೊಡ್ಡ ಬಂಡಿಗಲ್ಲಿನ ಸಂದ್ಯಾಗ ಒಂದು ಬಿಲ, ಅದರ ಮುಂದ ಹೆಣ್ಣು ತೋಳ, ಎಳೆ ಬಿಸಲಿಗೆ ಕಾಲು ಚಾಚಿ ಮಲಗಿತ್ತು, ಮುದುಕ ತೋಳ ಅಂತಿರಲಿಲ್ಲ, ಗುಡ್ಡದಾಕಿ ಅಂತಿದ್ದ, ಹತ್ತು ಮರಿ ಹುಟ್ಟಿದರ ಒಂದು ಆಕೀದು, ನಮ್ಮಪ್ಪನ ಕಾಲದಿಂದ ಹಂಗ, ಆಕಿ ಹಗಲಿ ಹಟ್ಟಿಗೆ ಬರಂಗಿಲ್ಲ, ನಾವು ಬಿಲದ ಕಡೆ ಹೋಗಂಗಿಲ್ಲ ಅಂದಿದ್ದ — ರೌಫ ಮದುವಿ ಲೆನ್ಸಿನಿಂದ ಹೊಡೆದ, ಫೋಟೋದಾಗ ತೋಳ ಜೀರಿಗಿ ಕಾಳಿನಷ್ಟು, ದೊಡ್ಡದು ಮಾಡಿದರ ಚೆಲ್ಲಿದ ರವಾ, ಅದನ್ನ ಗಂಗಾವತ್ಯಾಗ ಫೋಟೋದವರು ಕೂಡಿದಾಗ ತೋರಿಸಿದ, ಇದು ತೋಳೋ ಕಲ್ಲೋ ಅಂದ ಒಬ್ಬ, ಕಲ್ಲಿಗೆ ಬಾಲ ಬಂದೈತಲ್ರೀ ರೌಫಭಾಯಿ ಅಂದ ಇನ್ನೊಬ್ಬ, ಹೊಟ್ಟಿ ಹಿಡಕೊಂಡು ನಕ್ಕರು, ರೈಸ್‌ಮಿಲ್ಲಿನವರ ಮಗ, ಕೊರಳಾಗ ಉದ್ದನ್ನ ಲೆನ್ಸ್ ತೂಗಬಿಟ್ಟವ, ಅವ ನಗಲಿಲ್ಲ, ಪಾಪ ಅಂದ, ನಕ್ಕವರನ್ನ ರೌಫ ಮರೆತ, ಪಾಪ ಅಂದವನ್ನ ಮರೀಲಿಲ್ಲ, ಅವತ್ತು ಹತ್ತಿದ್ದು ಈ ಲೆನ್ಸಿನ ಹುಚ್ಚು, ಹೊಸದರ ದರ ಕೇಳೂ ಹಂಗಿಲ್ಲ, ಹೊಲ ಮಾರಬೇಕು, ಇರಬೇಕಲ್ಲ ಹೊಲ, ಹಳೇದೊಂದು ಹೈದರಾಬಾದಿನವನ ಹತ್ರ ಇತ್ತು, ನಾಲ್ಕು ಲಕ್ಷ ಅಂದ, ಬ್ಯಾಂಕಿನವರು ಮೂರು ವರ್ಷದ ಲೆಕ್ಕಪತ್ರ ತಾ ಅಂದರು, ಮದುವಿ ಫೋಟೋಕ್ಕ ಯಾರು ಬಿಲ್ ಕೇಳ್ತಾರ, ಫೈನಾನ್ಸಿನವ ಫ್ರಿಜ್ಜಿಗೆ ಕೊಡ್ತೀನಿ ಟೀವಿಗೆ ಕೊಡ್ತೀನಿ ಹಳೇ ಲೆನ್ಸಿಗೆ ಕೊಡಂಗಿಲ್ಲ ಅಂದ, ಬೇಕಾದರ ನಾಲ್ಕು ಫ್ರಿಜ್ ತಗೊಂಡು ಹೊರಗ ಮಾರ್ರಿ ಅಂದ, ಆ ಚ್ಯಾಷ್ಟಿ ಮಾತನ್ನೂ ಒಂದು ವಾರ ತಲ್ಯಾಗ ಹೊತ್ತು ತಿರುಗಿದ, ಯಲಬುರ್ಗಿಯವನ ಚೀಟಿ ಸವಾಲಿನ್ಯಾಗ ಎತ್ತಿದರ ಮೂರನೇ ಪಾಲು ಚೀಟಿಯವರಿಗೇ ಹೋಗ್ತಿತ್ತು, ಅಪ್ಪ ಹುಸೇನಬಾಷಾ ಬಡ್ಡಿ ಅನ್ನೋ ಶಬ್ದ ಕೇಳಿದರ ಉಣ್ಣೋ ತಾಟು ಸರಿಸಿ ಏಳ್ತಿದ್ದ, ಉಳಿದದ್ದು ಅಫ್ಸಾನಾಳ ಬಂಗಾರ, ಬಳಿ ಆಗಲೇ ಕ್ಯಾಮೆರಾಕ್ಕ ಹೋಗಿದ್ದವು, ಕಿವ್ಯಾಗ ಝುಮಕಿ ಇದ್ದವು, ಒಂದು ದಿನ ಉಣ್ಣಾಕ ಕುಂತು ಅವನ್ನೇ ನೋಡಿದ, ಆಕಿಗೆ ತಿಳೀತು, ಒಳಗ ಹೋಗಿ ಕಿವಿ ಮುಚ್ಚೂ ಹಂಗ ಸೆರಗು ಹೊದ್ದು ಬಂದು ಅನ್ನ ನೀಡಿದಳು, ಇವ ಸಾರಿಗೆ ಉಪ್ಪು ಕಮ್ಮಿ ಐತಿ ಅಂದ.

ಗೌತಮ ಸಿಕ್ಕಿದ್ದು ಕುಷ್ಟಗಿ ಮದುವ್ಯಾಗ — ಹುಬ್ಬಳ್ಳಿಯವ, ಮದುಮಗನ ಗೆಳೆಯ, ರೊಕ್ಕಿದ್ದ ಮಂದೀನ ಅಡವಿಗೆ ಕರಕೊಂಡು ಹೋಗಿ ಪ್ರಾಣಿ ತೋರಿಸಿ ಫೋಟೋ ಹೊಡಸೋದು ಅವನ ಧಂದೆ, ಜೀರಿಗಿ ಕಾಳಿನ ಫೋಟೋ ನೋಡಿ ಅವ ನಗಲಿಲ್ಲ, ಪಾಪಾನೂ ಅನ್ನಲಿಲ್ಲ, ಇದು ಎಲ್ಲಿ ಅಂದ, ಮುಂದಿನ ವಾರ ಸ್ಟುಡಿಯೋಕ್ಕ ಬಂದು ಕುಂತ, ಹುಲಿ ಎಲ್ಲಾರೂ ಹೊಡದಾರ, ಮರಿ ಹಾಕಿದ ತೋಳ ಯಾರ ಹತ್ರನೂ ಇಲ್ಲ, ಹೈದರಾಬಾದಿನವನಿಗೆ ನಾ ರೊಕ್ಕ ಕಟ್ತೀನಿ, ನೀವು ನಮ್ಮ ಮಂದಿಗೆ ತೋಳ ತೋರಿಸ್ರಿ, ಬಂದವರ ಲೆಕ್ಕದಾಗ ಸಾಲ ಹರಕೊಂಡು ಹೋಗಲಿ, ಹರದ ದಿವಸ ಲೆನ್ಸು ನಿಮ್ಮ ಕೈಗೆ, ಬಡ್ಡಿ ಇಲ್ಲ, ಕಾಗದ ಇಲ್ಲ, ಲೆನ್ಸು ನಿಮ್ದು, ತೋಳ ನಮ್ದು ಅಂದ, ಬಡ್ಡಿ ಇಲ್ಲ ಅನ್ನೋದು ಜೇನಿನಂಗ ಇಳೀತು, ಅಪ್ಪನ ಮುಂದ ತಲಿ ಎತ್ತಿ ಹೇಳಬಹುದು, ತೋಳ ಯಾರದು ಅಂತ ಯಾಕ ಕೇಳಬೇಕು, ಅದಕ್ಕೇನು ಪಹಣಿ ಐತೇನು, ಮುದುಕ ಯಾರಿಗೂ ತೋರಿಸಬ್ಯಾಡ ಅಂದಿರಲಿಲ್ಲ, ಯಾರಿಗೂ ತೋರಿಸದ್ದು ಅಂದಿದ್ದ, ಅದಕ್ಕೂ ಇದಕ್ಕೂ ಫರಕ್ ಐತಿ — ಮೊದಲ ತಂಡ ಬಂತು, ಹಸರು ಬಟ್ಟಿ ಹೊದ್ದು ಕಲ್ಲಿನ ಹಿಂದ ನಸುಕಿನಿಂದ ಕುಂತಿತು, ಬಿಸಲು ಏರಿತು, ತೋಳ ಹೊರಗ ಮೂಗು ಸೈತ ತೋರಿಸಲಿಲ್ಲ, ವಾಪಸ್ ಹೋಗೂಮುಂದ ಗೌತಮ ಇವನ್ನ ಪಕ್ಕಕ್ಕ ಕರೆದ, ಮಂದಿ ಕಲ್ಲು ನೋಡಾಕ ಇಷ್ಟು ದೂರ ಬರಂಗಿಲ್ಲ ರೌಫಸಾಬ, ಗ್ಯಾರಂಟಿ ಬೇಕು, ಇಲ್ಲಂದರ ಲೆನ್ಸ್ ಹೈದರಾಬಾದಿನ್ಯಾಗ ಇರ್ತೈತಿ, ಗ್ಯಾರಂಟಿ ಅಂದರ ಏನು ಅಂತ ಅವ ಹೇಳಲಿಲ್ಲ, ಇವ ಕೇಳಲಿಲ್ಲ, ಇಬ್ಬರೂ ದೂರದಾಗ ಮೇಯೋ ಓಬಳೆಪ್ಪನ ಕುರಿ ಕಡೆ ನೋಡಿದರು.

ಕುರಿಮರಿ ಮುದುಕನ ಹತ್ರಾನ ತಂದ, ಬ್ಯಾರೆಯವರ ಹತ್ರ ಹೋದರ ಮಾತಾಗ್ತಿತ್ತು, ರಂಜಾನ್ ತಿಂಗಳು, ಗಂಗಾವತ್ಯಾಗ ನಮ್ಮ ಭಾವನ ಹೋಟೆಲ್ಲಿಗೆ ಬೇಕು, ತಾಯಿ ಸತ್ತ ತಬ್ಬಲಿ ಇದ್ದರ ಕೊಡು, ಕಮ್ಮಿಗೆ ಬರ್ತೈತಿ ಅಂದ, ನಿನ್ನ ಹತ್ರ ಏನು ಚೌಕಾಸಿ ಅಂದ ಮುದುಕ, ಕೊಡೂಮುಂದ ಮರಿ ಹಣಿಗೆ ಭಂಡಾರ ಹಚ್ಚಿದ, ಹಟ್ಟಿ ಬಿಟ್ಟು ಹೋಗೋ ಮರಿಗೆ ಹಚ್ಚಿ ಕಳಸೋದು ಅವನ ಪದ್ಧತಿ, ಹಳದಿ ಬೊಟ್ಟು — ನಸುಕಿನ್ಯಾಗ ಅಫ್ಸಾನಾ ಎಬ್ಬಿಸಿ ಬಡಿಸಿದ ಸಹರಿ ಉಂಡು, ರೋಜಾದ ಉಪವಾಸ ಹಿಡಿದು, ಮರೀನ ಪೆಟ್ರೋಲ್ ಟ್ಯಾಂಕಿನ ಮ್ಯಾಲ ಅಡ್ಡ ಹಾಕಿಕೊಂಡು ಗುಡ್ಡಕ್ಕ ಬಂದ, ಬಿಲದ ಎದುರಿನ ಜಾಲಿ ಬುಡಕ್ಕ ಕಟ್ಟಿದ, ಹಗ್ಗ ಕಾಣದಂಗ ಮಣ್ಣು ಮುಚ್ಚಿದ, ಆಮ್ಯಾಲ ನೆನಪಾತು, ಭಂಡಾರ ಫೋಟೋದಾಗ ಬೀಳ್ತೈತಿ, ಸಾಕಿದ ಮರಿ ಅಂತ ತಿಳೀತೈತಿ, ಕಿಸೆದಾಗ ಲೆನ್ಸ್ ಒರಸೋ ಮೆತ್ತನ್ನ ಬಟ್ಟಿ ಇತ್ತು, ಅದರಿಂದ ಒರಸಿದ, ಮೆಲ್ಲಗ, ಗಾಜು ಒರಸಿದಂಗ, ಮರಿ ಇವನ ಬೆರಳು ಬಾಯಾಗ ತಗೊಂಡು ಚೀಪಿತು, ಜಗ್ಗಿ ಬಿಡಿಸಿಕೊಂಡ, ಬಿಸ್ಮಿಲ್ಲಾ ಅನ್ನಬೇಕೋ ಬ್ಯಾಡೋ ತಿಳೀಲಿಲ್ಲ, ಚೂರಿ ತನ್ನ ಕೈಯಾಗ ಇಲ್ಲಲ್ಲ, ಅನ್ನಲಿಲ್ಲ — ಆಕಿ ಬಂದಳು, ಗುಡ್ಡದಾಕಿ, ಸುತ್ತು ಹಾಕಿ, ನಿಂತು, ಮೂಗೇರಿಸಿ, ಮತ್ತ ಸುತ್ತು ಹಾಕಿ, ಆಮ್ಯಾಲ ಒಮ್ಮಿಗೇ ಎರಗಿದಳು, ಹಸರು ಬಟ್ಟಿ ಕೆಳಗ ಕ್ಯಾಮೆರಾಗಳು ಹಂಚಿನ ಮ್ಯಾಲ ಜೋಳ ಸಿಡಿದಂಗ ಸಿಡಿದವು, ಮರಿ ಒದರಿದ್ದು ಅದರಾಗ ಕೇಳಲಿಲ್ಲ, ಕೇಳದ್ದು ಛಲೋ ಆತು, ಮುಗಿದಮ್ಯಾಲ ತಂಡದಾಗಿನ ಒಬ್ಬಾಕಿ ಇದು ತಾನಾಗೇ ಆದದ್ದಲ್ಲೇನ್ರಿ ಅಂತ ಕೇಳಿದಳು, ಹೌದು ಮೇಡಂ, ಹಿಂಡು ತಪ್ಪಿದ ಮರಿ ಅಂದ ಗೌತಮ, ಆಕಿ ಉಸಿರು ಬಿಟ್ಟಳು, ಅಷ್ಟರಾಗ ಆಕಿ ಪಕ್ಕದವ ತನ್ನ ಕ್ಯಾಮೆರಾ ಪರದೆ ನೋಡಿಕೋತ, ಕುತ್ತಿಗಿ ಹಿಡಿಯೂಮುಂದ ಮರಿ ಮುಖ ನೆರಳಿನ್ಯಾಗ ಬಂತು, ನಾಳೆ ಬೆಳಕಿನ ಕಡೆ ಕಟ್ಟಸ್ರಿ ಅಂದ, ಆಕಿ ಕೇಳಿಸಿಕೊಂಡಳು, ಕೇಳಿಸಿಕೊಂಡು ತಾನೂ ತನ್ನ ಪರದೆ ನೋಡಿದಳು, ಮರುದಿನ ರೌಫ ಬೆಳಕಿನ ಕಡೆ ಕಟ್ಟಿದ, ಕುರಿ ಯಾರ ಹೊಟ್ಟಿಗೆ ಹೋದರೇನು, ಇದೇ ಮಂದಿ ಮಧ್ಯಾಹ್ನ ಗಂಗಾವತ್ಯಾಗ ಕುಂತು ಮಟನ್ ಎಲುಬು ಚೀಪಿದರು, ಚೀಪಿಕೋತ ಪಾಪ ಅಂದರು ಮರಿಗೆ, ಇವ ರೋಜಾದಾಗ ಅವರ ಎದುರು ಖಾಲಿ ಕುಂತಿದ್ದ, ಉಗುಳೂ ನುಂಗದ — ತಂಡ ಬಂದ ದಿನಕ್ಕೊಂದು ಮರಿ, ಮುದುಕ ಪ್ರತಿ ಮರಿಗೂ ಭಂಡಾರ ಹಚ್ಚಿದ, ಇವ ಪ್ರತಿ ಮರೀನೂ ಒರಸಿದ, ಬಟ್ಟಿ ಹಳದಿ ಆತು, ಆಮ್ಯಾಲಾಮ್ಯಾಲ ಗುಡ್ಡದಾಕಿ ಸುತ್ತು ಹಾಕೋದು ಬಿಟ್ಟಳು, ಮೂಗೇರಿಸೋದು ಬಿಟ್ಟಳು, ಇವನ ಬಂಡಿ ಗುಡ್ಡದ ತಿರುವಿಗೆ ಬಂದು ಫಟ್ ಫಟ್ ಅನ್ನೂದರಾಗ ಕಲ್ಲಿನ ಮ್ಯಾಲ ಬಂದು ನಿಂತಿರ್ತಿದ್ದಳು, ಎರಡೂ ಕಿವಿ ನೆಟ್ಟಗ ಮಾಡಿ, ಬಂಡಿ ಬರೋ ಹಾದಿ ಕಡೆ ಮುಖ ಮಾಡಿ, ಹಿಂದ ಆಕೀವ ಎರಡು ಮರಿ, ಅವೂ ಕಿವಿ ನೆಟ್ಟಗ ಮಾಡಿ, ರೌಫಸಾಬ ನಿಮ್ಮನ್ನ ನೋಡಿದರ ಮನಿ ನಾಯಿ ಆಗ್ಯಾಳಲ್ರೀ ಅಂತ ಗೌತಮ ನಕ್ಕ, ಗ್ಯಾರಂಟಿ ಅಂದರ ಇದು ಅಂದ, ಇವನಿಗೂ ಹೆಮ್ಮಿ ಆತು, ಇರಲಿ, ಯಾರಿಗೆ ಆಗತಿರಲಿಲ್ಲ, ಅಡವಿ ಪ್ರಾಣಿ ತನ್ನ ಬಂಡಿ ಸಪ್ಪಳ ಗುರುತು ಹಿಡಿದರ.

ಹಬ್ಬದ ವಾರ ಬಾಕಿ ಹರೀತು, ಗೌತಮ ಲೆನ್ಸಿನ ಡಬ್ಬಿ ತಂದು ಕೊಟ್ಟ, ಕೈ ಕುಲುಕಿದ, ಅವನ ಮಂದಿಗೆ ತೋಳ ಸಾಕಾಗಿತ್ತು, ಬ್ಯಾರೆ ಸೀಮಿಯೊಳಗ ಚಿರತಿ ಐತಂತ ಅಲ್ಲಿ ಹೋದ, ರೌಫ ಮತ್ತ ಗುಡ್ಡಕ್ಕ ಹೋಗಲಿಲ್ಲ, ಇನ್ನ ಮರಿ ಕೊಂಡು ಕಟ್ಟಾಕ ತನಗೇನು ಹುಚ್ಚೇನು, ಮದುವಿ ಸುಗ್ಗಿ ಬಂದಿತ್ತು, ಗೌತಮನ ಮಂದಿ ಹೊಡೆದ ಫೋಟೋದಾಗೊಂದು, ತೋಳದ ಮುಖ, ಮೀಸಿ ಕೂದಲು ಎಣಿಸಬೇಕು ಹಂಗ, ತಾನ ಹೊಡೆದದ್ದು ಅಂತ ಗಂಗಾವತಿ ಫೋಟೋದವರಿಗೆ ಕಳಿಸಿದ, ರೈಸ್‌ಮಿಲ್ಲಿನವರ ಮಗ ಛಲೋ ಬಂದೈತಿ, ಯಾವ ಲೆನ್ಸು ಅಂತ ಕೇಳಿದ, ಅಷ್ಟ — ಕನಕಗಿರಿ ಸಂತ್ಯಾಗ ಮುದುಕ ಸಿಕ್ಕಿದ್ದ, ಸೊರಗಿದ್ದ, ಆಕಿ ಹಗಲಿ ಬರಾಕತ್ಯಾಳ ತಮ್ಮಾ ಅಂದ, ನಡು ಮಧ್ಯಾಹ್ನ, ನಾಯಿ ಬೊಗಳಿದರೂ ಅಂಜಂಗಿಲ್ಲ, ಮನಶ್ಯಾನ ನೋಡಿ ಓಡಂಗಿಲ್ಲ, ಬಂಡಿ ಹಾದ್ಯಾಗ ಕುಂತಿರ್ತಾಳ, ಯಾರನ್ನೋ ಕಾದಂಗ, ಆಮ್ಯಾಲ ಎದ್ದು ಸೀದಾ ಹಟ್ಟಿಗೆ ಬರ್ತಾಳ, ಗಬ್ಬದ ಕುರಿ ಒಯ್ದಳು, ಆಕಿ ಪಾಲು ನಾ ಎಂದೂ ತಪ್ಪಿಸಿದವಲ್ಲ, ನಾ ಏನು ತಪ್ಪು ಮಾಡಿದೆ ಅಂತ ಆಕಿ ಮಾತು ಮುರದಳು, ಹೇಳು, ನೀ ಓದಿದವ, ರೌಫ ಬಾಳೆಹಣ್ಣಿನ ಬುಟ್ಟಿ ಕಡೆ ನೋಡಿಕೋತ ಕಾಡಪ್ರಾಣಿ ಅಜ್ಜಾ, ಯಾವಾಗ ಹೆಂಗ ತಿರುಗತಾವ ಯಾರಿಗೆ ಗೊತ್ತು, ಏನಾದರೂ ಬಂದೋಬಸ್ತ್ ಮಾಡಿಕೋ ಅಂದ, ಬಂದೋಬಸ್ತ್ ಅಂತ ಮುದುಕ ಆ ಶಬ್ದಾನ ಒಮ್ಮೆ ಬಾಯಾಗ ಹೊರಳಿಸಿದ, ಹೋದ — ಇಲ್ಲೇ ನಿಲ್ಲಸು ಅಂದ ಈಗ ಬಂಡಿ ಮ್ಯಾಲ ಹಿಂದ ಕುಂತ ಮುದುಕ, ಗುಡ್ಡದ ತಿರುವಿಗೆ ಇನ್ನೂ ಸ್ವಲ್ಪ ಇತ್ತು, ಬಂಡಿ ಬಂದ್ ಆತು, ಮುದುಕ ಮುಂದ ನಡೆದ, ಇವ ಚೀಲ ಅಪ್ಪಿಕೊಂಡು ಹಿಂದ, ಕುರಿ ಎಲ್ಲಿ ಬಿದ್ದಾವ ಅಜ್ಜಾ ಅಂದ, ಮುದುಕ ಕುರಿ ಅಲ್ಲ ಅಂದ, ಬೇವಿನ ಕೆಳಗ ಅವನ ಕಂಬಳಿ ಹಾಸಿತ್ತು, ಅದರ ಮ್ಯಾಲ ಗುಡ್ಡದಾಕಿ, ನಾಲಿಗಿ ಕಚ್ಚಿ, ಬಾಯಿಗೆ ಒಣಗಿದ ನೊರಿ, ಸ್ವಲ್ಪ ದೂರದಾಗ ಮುದುಕನ ನಾಯಿ, ಅದರ ಮ್ಯಾಲೂ ಒಂದು ಚೀಲ ಹೊಚ್ಚಿದ್ದ.

ಸಿದ್ದಾಪುರದಿಂದ ಎಣ್ಣಿ ತರಿಸಿದೆ, ಭತ್ತದ ಹುಳಕ್ಕ ಹೊಡಿಯೋದು, ಅಂದ ಮುದುಕ, ಸತ್ತ ಕುರಿಮರಿಗೆ ಸವರಿ ಇಟ್ಟೆ, ಆಕಿ ತಿಂದಳು, ಈ ನಾಯಿನೂ ತಿಂತು, ನಾಯಿಗೆ ಹೇಳಾಕ ಬರಲಿಲ್ಲ ನನಗ, ಮುದುಕನ ಧ್ವನಿ ಏರಲಿಲ್ಲ ಇಳೀಲಿಲ್ಲ, ಸಣ್ಣವ್ವಗ ಮಾಡಿಕೊಟ್ಟಿಯಲ್ಲ, ಹಂಗ ಈಕೀಗೂ ಒಂದು ಮಾಡಿಕೊಡು, ಹಿಂದ ಆಕಾಶ ಹಾಕು, ಬಾಯಿ ಒರಸೇನಿ ನಾ, ನೊರಿ ಹೋಗವಲ್ದು, ನೀ ಅದನ್ನ ತಗದುಬಿಡು, ಮಲಗಿದಂಗ ಕಾಣಬೇಕು, ಅಪ್ಪನ ಕಾಲದ ಮಾತು ನನ್ನ ಕೈಲೆ ಮುಗೀತು, ಮುಖಾ ಇರಲಿ ಗ್ವಾಡಿ ಮ್ಯಾಲ — ರೌಫ ಲೆನ್ಸ್ ಏರಿಸಿದ, ಬರೀ ಮಂಜು, ಇದು ಹತ್ರದ್ದನ್ನ ನೋಡೂ ಲೆನ್ಸಲ್ಲ, ದೂರದ್ದನ್ನಷ್ಟ ನೋಡ್ತೈತಿ, ಹಿಂದ ಸರಿದ, ಇನ್ನೂ ಮಂಜು, ಇನ್ನೂ ಹಿಂದ ಸರಿದ, ಮುಳ್ಳು ಕಾಲಿಗೆ ಚುಚ್ಚಿತು, ಸರಿದ, ಆಮ್ಯಾಲ ಒಮ್ಮಿಗೇ ಕೂಡಿತು, ಕೂದಲು ಕೂದಲು, ಮೂಗಿನ ಮ್ಯಾಲಿನ ಗೀರು, ಅರ್ಧ ತೆರೆದ ಕಣ್ಣು, ಕಣ್ಣಿನ ಅಂಚಿಗೆ ಒಂದು ಇರುವಿ, ಅದರ ಕಾಲು ಸೈತ, ಎಂಥ ಗಾಜು, ಎಂಥ ಗಾಜು ಅಂತ ಮನಸ್ಸು ಹಿಗ್ಗಿತು, ಹಿಗ್ಗಿದ್ದು ತಪ್ಪಂತ ಗೊತ್ತಾತು, ಆದ್ರೂ ಹಿಗ್ಗಿತು, ಬೇವಿನ ಸಂದಿಂದ ಬೆಳಕು ಸರಿಯಾಗಿ ಬಿದ್ದೈತಿ, ತನ್ನ ಲೆನ್ಸಿನ್ಯಾಗ ತಾನು ಹೊಡಿಯೋ ಮೊದಲನೇ ತೋಳ, ಹೊಡೆದ, ಇನ್ನೊಂದು ಹೊಡೆದ, ಇರುವಿ ಕಣ್ಣಿನ ಒಳಗ ಹೋಗೂತನಕ ಹೊಡೆದ — ಎಷ್ಟಾತು ಅಂದ ಮುದುಕ, ರೌಫ ಬ್ಯಾಡ ಅನ್ನಬೇಕಂತ ಬಾಯಿ ತೆರೆದ, ಮುದುಕ ನೋಟು ಮಡಚಿ ಅವನ ಎದಿ ಕಿಸೆದಾಗ ಇಟ್ಟೇಬಿಟ್ಟ, ಸಣ್ಣವ್ವನ ಹೊತ್ತಿಗೆ ತಗೋಳಲಿಲ್ಲ ನೀ, ಇದಕ್ಕ ತಗೋಬೇಕು, ಇದು ನಾ ಮಾಡಿದ್ದು ಅಂದ, ರೌಫ ತಗದು ವಾಪಸ್ ಕೊಡಲಿಲ್ಲ, ಕೊಟ್ಟರ ಯಾಕಂತ ಕೇಳ್ತಾನ, ಕೇಳಿದರ ಏನು ಹೇಳೋದು, ಇರಲಿ, ಪೆಟ್ರೋಲಿಗೆ ಆತು — ಹಟ್ಟಿತನಕ ಬಿಟ್ಟು ಹೋಗ್ತೀನಿ ಹತ್ತು ಅಂದ, ಮುದುಕ ಹತ್ತಿದ, ಹೆಗಲ ಮ್ಯಾಲ ಕೈ ಬಂತು, ಕಿಕ್ ಹೊಡೆದ, ಫಟ್ ಫಟ್ ಫಟ್, ತಿರುವು ದಾಟಿದ, ಮತ್ತ ಎದುರಿಗೆ ಬಂಡಿಗಲ್ಲು, ಮತ್ತ ಕಲ್ಲಿನ ಮ್ಯಾಲ ಗುಡ್ಡದಾಕಿ ಮರಿ, ಎರಡು, ಬೆಳೆದಾವ, ಕಾಲು ಉದ್ದ ಆಗ್ಯಾವ, ಪಕ್ಕದ ಎಲುಬು ಎಣಿಸಬೇಕು ಹಂಗ ಬಡಕಲಾಗ್ಯಾವ, ಓಡಲಿಲ್ಲ, ಕೆಳಗಿಳಿದವು, ಬಂಡಿ ಕಡೆ ಬಂದವು, ಹಾದಿ ನಡುವ ನಿಂತವು, ಕಿವಿ ನೆಟ್ಟಗ ಮಾಡಿ, ರೌಫ ಬ್ರೇಕ್ ಹಿಡಿದ, ಬಂದ್ ಮಾಡಬೇಕು, ಕೀಲಿ ತಿರುವಬೇಕು, ಕುರಿಗಾರಗ ಹೇಳೋದು ಬೇಕಿಲ್ಲ, ಯಾವ ಸಪ್ಪಳಕ್ಕ ಯಾವ ಪ್ರಾಣಿ ಯಾಕ ಓಡಿ ಬರ್ತೈತಿ ಅಂತ ಅವಗ ಯಾರೂ ಹೇಳೋದು ಬೇಕಿಲ್ಲ, ಹೆಗಲ ಮ್ಯಾಲಿನ ಕೈ ಬಿಗಿ ಆತು, ಆಮ್ಯಾಲ ಇಲ್ಲ, ಹೆಗಲು ಹಗುರ ಆತು, ಮುದುಕ ಇಳಿದು ಪಕ್ಕಕ್ಕ ನಿಂತಾನ, ಮರಿ ನೋಡಿದ, ಬಂಡಿ ನೋಡಿದ, ಇವನ ಮುಖ ನೋಡಲಿಲ್ಲ, ಇನ್ನೊಮ್ಮೆ ಒದರಸು ಅಂದ, ಮೆಲ್ಲಗ, ರೌಫ ಒಲ್ಲೆ ಅನ್ನಬೇಕು, ಕೈ ತಾನ ಆಕ್ಸಿಲರೇಟರ್ ತಿರುವಿತು, ಫಟ್ ಫಟ್, ಅವು ಇನ್ನೂ ಒಂದು ಹೆಜ್ಜಿ ಹತ್ರ ಬಂದವು, ಇಷ್ಟು ಹತ್ರ, ಇಷ್ಟು ಹತ್ರದ್ದಕ್ಕ ಈ ಲೆನ್ಸ್ ಬರಂಗಿಲ್ಲ, ಹಿಂದ ಸರೀಬೇಕು, ಹಿಂದ ಎಲ್ಲಿ, ಕಿವಿ ನೆಟ್ಟಗ ಅದಾವ, ನಾಲ್ಕೂ, ಇವನ ಕಡೆ, ಒಳಗ ಬಿಸಲು ತೂರಿ ಕೆಂಪಗ ಕಾಣತಾವ, ಅಲಗಂಗಿಲ್ಲ, ಕಿವಿ, ನೆಟ್ಟಗ, ಇವನ ಕಡೆ, ಕಿವಿ